ಮುರಿಗೆವ್ವನ ಉಡಿಯಲ್ಲಿ ಪ್ಲಗ್ಗು

ಕೇಶ್ವಾಪುರದ ಮಡಿವಾಳಪ್ಪನವರು ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿ ವ್ಯಾಪಾರ ಮಾಡಿದ್ದೂ ಧೋತರದಲ್ಲೇ, ಮಗಳ ಮದುವೆಯಲ್ಲಿ ಓಡಾಡಿದ್ದೂ ಧೋತರದಲ್ಲೇ. ಪ್ಯಾಂಟು ಕಚೇರಿಗೆ ಹೋಗುವವರ ಪಾಡು ಎಂದು ಅವರ ಲೆಕ್ಕ. ವ್ಯಾಪಾರ ಬಿಟ್ಟ ಮೇಲೆ ಆಸೆಪಟ್ಟು ಕರೆಂಟಿನ ಗರಗಸ ತಂದಾಗಲೂ ಧೋತರ ಉಟ್ಟೇ ಹಿತ್ತಲಿಗೆ ಇಳಿದರು. ಒಣ ನುಗ್ಗೆಕೊಂಬೆಗೆ ಗರಗಸ ಹಚ್ಚಿದ್ದೇ ತಡ, ಅದರ ಸರಪಳಿ ಧೋತರದ ಚುಂಗನ್ನು ಗಬಕ್ಕನೆ ಎಳೆದುಕೊಂಡಿತು! ಹೆಂಡತಿ ಮುರಿಗೆವ್ವ ಓಡಿಬಂದು ಪ್ಲಗ್ ಕಿತ್ತಳು. ಪುಣ್ಯಕ್ಕೆ ಚಿಂದಿಯಾದದ್ದು ಬಟ್ಟೆ ಮಾತ್ರ. ಅಂದೇ ಗರಗಸ ಟ್ರಂಕು ಸೇರಿತು, ಕೀಲಿ ಮುರಿಗೆವ್ವನ ಸೊಂಟ ಸೇರಿತು. ಮಡಿವಾಳಪ್ಪನವರಿಗೆ ಊಟವೇ ರುಚಿಸದಾಯಿತು.

ಅಷ್ಟರಲ್ಲಿ ಗಾಳಿಗೆ ಪಕ್ಕದ ಮನೆಯ ರತ್ನವ್ವನ ಅಂಗಳದಲ್ಲಿ ಬೇವಿನ ದೊಡ್ಡ ಕೊಂಬೆ ಮುರಿದುಬಿತ್ತು. ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆ ಅಲ್ಲೇ ಹಂದರ ಹಾಕಬೇಕಿತ್ತು.

“ಕಾಕಾ, ನಿಮ್ಮ ಮಷೀನ್ ಐತೆಲ್ಲಾ, ಒಂಚೂರು ಕೊಯ್ದ ಕೊಡ್ರಿ” ಎಂದಳು ರತ್ನವ್ವ.

ಮಡಿವಾಳಪ್ಪನವರು ಆಸೆಯಿಂದ ಹೆಂಡತಿಯ ಸೊಂಟ ನೋಡಿದರು.

“ಕೀಲಿ ಕೊಡ್ತೇನಿ. ಆದ್ರ ಪ್ಯಾಂಟ್ ಹಾಕ್ಕೋಬೇಕು. ಮತ್ತ ಸರಪಳಿಗೆ ಕೈ ಹಚ್ಚೂ ಮುಂದ ಪ್ಲಗ್ ನನ್ನ ಉಡ್ಯಾಗ ಇರಬೇಕು. ಬಟನ್ ಬಂದ್ ಮಾಡೇನಿ ಅಂದ್ರ ನಾ ಕೇಳಂಗಿಲ್ಲ.”

ಅಳಿಯನ ಹಳೆಯ ಪ್ಯಾಂಟು, ಬೂಟು, ಕಣ್ಣಿಗೆ ದಪ್ಪ ಕನ್ನಡಕ. ಓಣಿಗೆ ಓಣಿಯೇ ನಕ್ಕಿತು. ಮಡಿವಾಳಪ್ಪನವರು ಕ್ಯಾರೇ ಅನ್ನಲಿಲ್ಲ. ವಯರನ್ನು ಬೆನ್ನ ಹಿಂದೆ ಬಿಟ್ಟು, ಗರಗಸವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು, ತುಂಡು ತುಂಡಾಗಿ ಕೊಯ್ಯತೊಡಗಿದರು. ಸರಪಳಿ ಸಡಿಲಾದಾಗಲೆಲ್ಲ “ಪ್ಲಗ್!” ಎಂದು ಕೂಗುವರು. ಕಟ್ಟೆಯ ಮೇಲೆ ಕುಳಿತ ಮುರಿಗೆವ್ವ ಅದನ್ನು ಕಿತ್ತು ಸೆರಗಿನಲ್ಲಿ ಹಾಕಿಕೊಂಡು, “ಉಡ್ಯಾಗ ಐತ್ರಿ” ಎಂದ ಮೇಲೆಯೇ ಬಿಗಿ ಮಾಡುವರು. ಮಧ್ಯಾಹ್ನದ ಹೊತ್ತಿಗೆ ಅಂಗಳ ಬಯಲಾಯಿತು. ಅವರ ಖುಷಿ ಕೇಳಬೇಡಿ!

ಅವರು ಗರಗಸವನ್ನು ಮುಂದಿಟ್ಟುಕೊಂಡು ಸರಪಳಿಗೆ ಮೆತ್ತಿದ ಮರದ ಹೊಟ್ಟು ಒರಸಿ ತೆಗೆಯುತ್ತಿದ್ದಾಗ, ರತ್ನವ್ವ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ ತಂದು ಮುರಿಗೆವ್ವನ ಉಡಿ ತುಂಬಲು ಬಾಗಿದಳು.

“ಅಯ್ಯ ಕಾಕೂ, ಪ್ಲಗ್ ಇಲ್ಲೇ ಐತೆಲ್ಲಾ! ಮೊದಲ ತಗೀರಿ.”

ಮುರಿಗೆವ್ವ ಗಂಡನ ಬೆರಳುಗಳತ್ತ ನೋಡಿದಳು. “ಅವರ ಕೈ ಇನ್ನೂ ಸರಪಳಿ ಮ್ಯಾಲ ಐತಿ. ಅದರ ಮ್ಯಾಲೇ ತುಂಬವಾ.”

ಅಕ್ಕಿ ಪ್ಲಗ್ಗಿನ ಮೇಲೆ ಸುರಿಯಿತು. ನಗಲು ಹೋದ ಮಡಿವಾಳಪ್ಪನವರ ಕಣ್ಣು ತುಂಬಿ ಬಂತು.

“ಲಗೂ ಒರಸ್ತೇನಿ ತಡಿ” ಎಂದರು.

“ಏನೂ ಗಡಿಬಿಡಿ ಇಲ್ಲ. ಸಾವಕಾಶ ಒರಸ್ರಿ.”