ತಂಪು ಓಣಿಯ ದೀಪ

ಕೆಲಸದವರೆಲ್ಲ ಆಕೆಯನ್ನು ತಗಡಕ್ಕ ಎಂದೇ ಕರೆಯುತ್ತಿದ್ದರು. ಷೆಡ್ಡಿನಲ್ಲಿ ಗಾಳಿಕೊಳವೆಗಳಿಗೆ ತಗಡು ಮಡಚುತ್ತ ದುಡಿಮೆ ಶುರು ಮಾಡಿದವಳು, ಸಂಜೆ ತರಗತಿಗೆ ಹೋಗಿ ನಕ್ಷೆ ಹಾಕುವುದನ್ನು ಕಲಿತು, ಈಗ ಸರ್ವರ್ ಕೋಣೆಗಳನ್ನು ತಣ್ಣಗಿಡುವ ಏರ್ಪಾಟು ರೂಪಿಸುವ ಮಟ್ಟಕ್ಕೆ ಬಂದಿದ್ದಳು. ಹೆಸರು ಮಾತ್ರ ಷೆಡ್ಡಿನದೇ ಉಳಿಯಿತು. ಗಾಳಿಗೆ ಮಾನ ಮರ್ಯಾದೆ ಇಲ್ಲ, ಬೆರಳಗಲ ಸಂದಿ ಸಿಕ್ಕರೂ ಕಳ್ಳಬೆಕ್ಕಿನ ಹಾಗೆ ನುಸುಳುತ್ತೆ ಎಂದು ಹೊಸಬರಿಗೆ ಹೇಳುತ್ತಿದ್ದಳು.

ಗಂಡ ದೊಡ್ಡಾಸ್ಪತ್ರೆಯ ಸರ್ವರ್ ಕೋಣೆಯ ಉಸ್ತುವಾರಿ. ರೋಗಿಗಳ ಸ್ಕ್ಯಾನು, ರಕ್ತದ ವರದಿ ಎಲ್ಲ ಆ ಯಂತ್ರಗಳ ಹೊಟ್ಟೆಯಲ್ಲಿ. ಯೌವನವನ್ನೆಲ್ಲ ಫ್ಯಾನುಗಳ ಭೋರ್ಗರೆತದಲ್ಲಿ ಕಳೆದವನ ಕಿವಿ ಮಂದವಾಗುತ್ತ ಬಂದಿತ್ತು. ಗೊತ್ತಾದರೆ ಉಗ್ರಾಣಕ್ಕೆ ಎತ್ತಿಹಾಕುತ್ತಾರೆಂದು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಯಾರು ಏನಂದರೂ ತಲೆಯಾಡಿಸಿಬಿಡುತ್ತಿದ್ದ. ಹೆಂಡತಿಗೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅಡುಗೆಮನೆಯಿಂದ ಕೂಗಿ ಕೂಗಿ ಗಂಟಲು ನೋಯಿಸಿಕೊಂಡವಳು, ಒಂದು ದಿನ ಸುಮ್ಮನೆ ಅವನ ಕೋಣೆಯ ದೀಪವನ್ನು ಎರಡು ಸಲ ಆರಿಸಿ ಹಚ್ಚಿದಳು. ಅವನು ಎದ್ದು ಬಂದು ತಟ್ಟೆ ಮುಂದೆ ಕೂತ. ಅಂದಿನಿಂದ ಊಟಕ್ಕೆ ಕರೆಯುವುದೆಂದರೆ ಅದೇ. ಅದರ ಬಗ್ಗೆ ಇಬ್ಬರೂ ತುಟಿಪಿಟಕ್ಕೆನ್ನಲಿಲ್ಲ.

ಆಸ್ಪತ್ರೆಯ ಆ ಸರ್ವರ್ ಕೋಣೆಯ ಕೆಲಸವೇ ಒಂದು ದಿನ ಅವಳ ಪಾಲಿಗೆ ಬಂತು. ಎದುರುಬದುರು ನಿಂತ ಯಂತ್ರಗಳ ಎರಡು ಸಾಲು, ನಡುವೆ ಓಣಿ. ನೆಲದ ತೂತುಗಳಿಂದ ಓಣಿಗೆ ತಂಪು ಗಾಳಿ ಬರುತ್ತದೆ; ಯಂತ್ರಗಳು ಅದನ್ನು ಮುಂದಿನಿಂದ ಎಳೆದುಕೊಂಡು ಹಿಂದಿನಿಂದ ಬಿಸಿ ಉಗುಳುತ್ತವೆ. ಆ ಬಿಸಿ ತಲೆಯ ಮೇಲಿಂದ ಹಾದು ಮತ್ತೆ ಓಣಿಗೇ ಇಳಿದರೆ, ತಣ್ಣಗೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಅದಕ್ಕೆ ಓಣಿಯ ಎರಡೂ ತುದಿಗೆ ಗಾಜಿನ ಬಾಗಿಲು, ಮೇಲೆ ಮುಚ್ಚಿಗೆ, ಯಂತ್ರಗಳ ನಡುವಿನ ಖಾಲಿ ಖಾನೆಗಳಿಗೆ ಮುಚ್ಚುವ ಪಟ್ಟಿ. ಬಾಗಿಲು ಒಳಗಿನಿಂದ ಬರೀ ತಳ್ಳಿದರೆ ತೆರೆಯಬೇಕು. ಬೆಂಕಿಯ ಕಾವು ತಾಗಿದರೆ ಮುಚ್ಚಿಗೆ ತಾನೇ ಕಳಚಿ ಬೀಳಬೇಕು, ಬೆಂಕಿ ನಂದಿಸುವ ಅನಿಲ ಒಳಗಿಳಿಯಬೇಕು. ಇಷ್ಟನ್ನೂ ಯೋಚಿಸಿ ಬರೆದಿದ್ದಳು. ಹಳೆಯ ಸೈರನ್ನನ್ನು ಮಾತ್ರ ಓಣಿಯ ಹೊರಗಿನ ಗೋಡೆಯ ಮೇಲೆ ಇದ್ದಲ್ಲೇ ಬಿಟ್ಟಿದ್ದಳು.

ಕೆಲಸ ಒಪ್ಪಿಸುವ ಮೊದಲು ಅಣಕು ತಾಲೀಮು. ಸೈರನ್ ಕೂಗಿದ ಮೇಲೆ, ಉಸಿರುಗಟ್ಟಿಸುವ ಆ ಅನಿಲ ಹೊರಡುವುದರೊಳಗೆ, ಒಳಗಿದ್ದವರೆಲ್ಲ ಹೊರಗೆ ಬರಬೇಕು. ಅವತ್ತು ಅನಿಲದ ಸಿಲಿಂಡರಿಗೆ ಬೀಗ ಹಾಕಿದ್ದರು. ಚಹಾದ ಹೊತ್ತಿಗೆ ಎಲ್ಲರಿಗೂ ಬಾಯಿಮಾತಲ್ಲಿ ತಿಳಿಸಿದ್ದರು, ಗಂಡನೂ ತಲೆಯಾಡಿಸಿದ್ದ.

ಸೈರನ್ ಕೂಗಿತು. ಯಂತ್ರಗಳ ಹಿಂದಿದ್ದ ಎಲೆಕ್ಟ್ರಿಷಿಯನ್‌ಗಳು ಓಡಿಬಂದರು. ಗಾಜಿನಾಚೆ ಓಣಿಯಲ್ಲಿ ಗಂಡ ಕುಕ್ಕರಗಾಲಲ್ಲಿ ಕೂತು, ನೆಮ್ಮದಿಯಾಗಿ ಪಟ್ಟಿಗೆ ಸ್ಕ್ರೂ ಬಿಗಿಯುತ್ತಿದ್ದ. ಯಾರ್ರೀ ಅದು ಒಳಗೆ, ಕಿವಿಗಿವಿ ಕೇಳಲ್ವಾ ಎಂದು ಆಸ್ಪತ್ರೆಯ ಅಧಿಕಾರಿ ಗದರಿದ.

ತಗಡಕ್ಕನ ಕೈ ಬಾಗಿಲಿಗೆ ಹೋಗಲಿಲ್ಲ. ಪಕ್ಕದ ಸ್ವಿಚ್ಚಿಗೆ ಹೋಯಿತು. ಓಣಿಯ ದೀಪ ಎರಡು ಸಲ ಆರಿ ಹತ್ತಿತು.

ಗಂಡ ಸ್ಕ್ರೂಡ್ರೈವರ್ ಕೆಳಗಿಟ್ಟ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಬಾಗಿಲು ತಳ್ಳಿಕೊಂಡು ಬಂದ.

"ಊಟಕ್ಕಾ?" ಅಂದ.

ಒಬ್ಬ ಎಲೆಕ್ಟ್ರಿಷಿಯನ್ ಕಿಸಕ್ಕೆಂದು ನಕ್ಕು ಅರ್ಧಕ್ಕೇ ನುಂಗಿಕೊಂಡ. ಸೈರನ್ ಇನ್ನೂ ಅರಚುತ್ತಲೇ ಇತ್ತು. ಗಂಡ ಎಲ್ಲರ ಮುಖ ನೋಡಿದ, ಕೊನೆಗೆ ಹೆಂಡತಿಯ ಮುಖ ನೋಡಿದ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಅವಳ ಕೈಯೇ ಬಯಲು ಮಾಡಿತ್ತು.

ಸೈರನ್ ನಿಂತ ಮೇಲೆ, ಇವರನ್ನು ಇನ್ನು ಒಳಗೆ ಬಿಡೋ ಹಾಗಿಲ್ಲ ಎಂದ ಅಧಿಕಾರಿ. ಅವಳು ಜಗಳಕ್ಕೆ ನಿಲ್ಲಲಿಲ್ಲ. ಒಂದು ಸಲ ನೀವು ಒಳಗೆ ನಿಂತು ನೋಡಿ ಸರ್ ಎಂದು ಅವನನ್ನು ಓಣಿಗೆ ಕಳಿಸಿ, ಬಾಗಿಲು ಹಾಕಿಸಿ, ಫ್ಯಾನುಗಳನ್ನು ಪೂರ್ತಿ ಏರಿಸಿ, ಮತ್ತೆ ಸೈರನ್ ಒತ್ತಿಸಿದಳು. ಅಧಿಕಾರಿ ಕೈಕಟ್ಟಿ ನಿಂತ, ಮುಚ್ಚಿಗೆ ನೋಡಿದ, ಆಕಳಿಸಿದ. ಕೊನೆಗೆ ತಾನೇ ಹೊರಗೆ ತಲೆಹಾಕಿ, ಯಾವಾಗ ಶುರು ಮಾಡ್ತೀರಿ ಎಂದು ಕೇಳಿದ. ಆಮೇಲೆ ಸೈರನ್ ಕಿವಿಗೆ ಬಿತ್ತು.

"ತಪ್ಪು ನಂದು ಸರ್," ಎಂದಳು ಅವಳು. "ಗಾಳಿ ಹೊರಗೆ ಹೋಗದ ಹಾಗೆ ಮುಚ್ಚೋ ಭರದಲ್ಲಿ ಸದ್ದು ಒಳಗೆ ಬರದ ಹಾಗೂ ಮುಚ್ಚಿಬಿಟ್ಟಿದ್ದೀನಿ. ಓಣಿ ಒಳಗೇ ಒಂದು ಸೈರನ್, ಮಿನುಗೋ ದೀಪ, ಎರಡೂ ಹಾಕದೆ ಕೆಲಸ ಒಪ್ಪಿಸಲ್ಲ."

ಮಾತು ಅಲ್ಲಿಗೇ ನಿಂತಿದ್ದರೆ ಗಂಡ ಬಚಾವಾಗುತ್ತಿದ್ದ. ಅವಳು ಬೇಕೆಂದೇ ಅಲ್ಲಿಗೆ ನಿಲ್ಲಿಸಿದ್ದಳು. ಆದರೆ ಅವಳ ತುಟಿಯನ್ನೇ ನೋಡುತ್ತಿದ್ದ ಅವನೇ ಗಂಟಲು ಸರಿಮಾಡಿಕೊಂಡ.

"ಒಳಗೆ ಸೈರನ್ ಹಾಕಿದ್ರೂ ನನಗೆ ಕೇಳಲ್ಲ ಸರ್. ಕಿವಿ ಹೋಗಿ ತುಂಬಾ ದಿನ ಆಯ್ತು. ದೀಪ ಆದ್ರೆ ಕಾಣುತ್ತೆ."

ಅಧಿಕಾರಿ ತಾನು ನಿಂತು ಬಂದ ಓಣಿಯ ಕಡೆ ತಿರುಗಿ ನೋಡಿದ. ಆಮೇಲೆ, ದೀಪ ಬರೋವರೆಗೆ ಓಣಿಗೆ ಕಾಲಿಡಬೇಡಿ, ಕಿವಿ ತೋರಿಸಿ ಮಿಷನ್ ಹಾಕಿಸ್ಕೊಳ್ಳಿ, ಇನ್ಮೇಲೆ ಒಬ್ಬರೇ ಒಳಗೆ ಹೋಗೋದು ಬೇಡ ಎಂದ. ಉಗ್ರಾಣದ ಮಾತು ಎತ್ತಲಿಲ್ಲ.

ಮನೆಗೆ ಬಂದರೂ ಗಂಡನ ಮುಖ ಊದಿಕೊಂಡೇ ಇತ್ತು. ಎಲ್ಲರೆದುರು ಮಾನ ಕಳೆದೆ ಎಂದು ಗೊಣಗಿದ. ಅವಳು ಅವನೆದುರು ಬಂದು, ತುಟಿ ಕಾಣುವ ಹಾಗೆ ಕೂತಳು.

"ನಿಜವಾಗಿ ಬೆಂಕಿ ಬಿದ್ದಿದ್ರೆ ನಿಮ್ಮನ್ನ ಹೊತ್ಕೊಂಡು ಬರಬೇಕಿತ್ತು. ಆ ಮಾನ ಇಟ್ಕೊಂಡು ನಾನೇನು ಮಾಡ್ಲಿ?"

ಅವನು ನೆಲ ನೋಡಿದ, ಮತ್ತೆ ಅವಳ ತುಟಿ ನೋಡಿದ. "ನಿನಗೆ ಯಾವಾಗಿಂದ ಗೊತ್ತು?"

"ದೀಪ ಆರಿಸೋಕೆ ಶುರು ಮಾಡಿದಾಗಿಂದ."

"ಮೊದಲನೇ ಸಲ ನಾನು ಸ್ವಿಚ್ ಸಡಿಲ ಆಗಿದೆ ಅಂದ್ಕೊಂಡೆ ಕಣೇ. ಮಾರನೇ ದಿನ ಬಿಚ್ಚಿ ಬಿಗಿ ಮಾಡಿದ್ದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ, ಸ್ವಲ್ಪ ತಡವಾಗಿ.

ದೀಪ ಬಂದ ಮೇಲೆ ಮತ್ತೆ ತಾಲೀಮು ನಡೆಯಿತು. ಓಣಿಯಲ್ಲಿ ಕೆಂಪು ಮಿನುಗಿದ್ದೇ ತಡ, ಗಂಡ ಜೊತೆಗಿದ್ದ ಎಲೆಕ್ಟ್ರಿಷಿಯನ್ನನ ತೋಳು ಹಿಡಿದು ಎಳೆದುಕೊಂಡೇ ಹೊರಗೆ ಬಂದ. ತಗಡಕ್ಕ ಕಾಗದಕ್ಕೆ ಸಹಿ ಹಾಕಿ ಕೆಲಸ ಒಪ್ಪಿಸಿದಳು.

ಆ ಸಂಜೆ ಅಡುಗೆ ಮುಗಿಸಿ ಕರೆದಳು. ಅವನು ಬರಲಿಲ್ಲ. ಇಣುಕಿದರೆ, ಕಿವಿಯ ಮಿಷನ್ ಡಬ್ಬಿಯಲ್ಲಿ ಮಲಗಿತ್ತು, ಅವನು ಗೋಡೆಗೆ ಒರಗಿ, ಸ್ವಿಚ್ಚಿನ ಕಡೆಗೇ ಕಣ್ಣಿಟ್ಟು ಕೂತಿದ್ದ. ಹಾಕ್ಕೊಳ್ಳೋಕೇನು ರೋಗ ಎಂದು ಬೈಯುತ್ತಲೇ ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಸ್ವಿಚ್ಚಿಗೆ ಕೈ ಚಾಚಿದಳು.

"ಬಂದೆ," ಎಂದ ಅವನು.