ಎಲ್ಲ ಬಾಗಿಲಿಗೂ ಒಂದೇ ಕಾವಲು

ನಮ್ಮಕ್ಕ ಹಟಮಾರಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವಳು ಎಂದು ಅಮ್ಮ ಬೈಯುತ್ತಲೇ ಇರುತ್ತಾಳೆ. ಬೈಯಲಿ. ಆ ಹಟ ಇಲ್ಲದಿದ್ದರೆ ಇವತ್ತು ನನಗೆ ಕೆಲಸವಿರುತ್ತಿರಲಿಲ್ಲ.

ನಾನು ನರ್ಸ್. ಅಕ್ಕ ಅದೇ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಳು. ಇಬ್ಬರದೂ ವರ್ಷದ ಗುತ್ತಿಗೆ. ರೋಗಿಯ ಕಡತವನ್ನು ಅವರನ್ನು ನೋಡಿಕೊಳ್ಳುವವರಷ್ಟೇ ತೆರೆಯಬೇಕು. ಆದರೆ ಔಷಧಿ, ರಕ್ತಪರೀಕ್ಷೆ, ಬಿಲ್ಲು ಎಂದು ಹತ್ತಾರು ಕಡೆಯಿಂದ ಅದು ತೆರೆಯುತ್ತದೆ. ಒಂದೊಂದು ಕಡೆಯೂ ಅದೇ ತಪಾಸಣೆ ಬರೆಯುತ್ತ ಕೂತರೆ ಎಲ್ಲೋ ಒಂದು ಕಡೆ ಮರೆತೇ ಮರೆಯುತ್ತಾರೆ. ಅಕ್ಕ ಅದನ್ನು ಬೇರೆಯಾಗಿ ಒಮ್ಮೆ ಬರೆದು, 'ಈ ಪ್ರೋಗ್ರಾಂಗಳ ಫೋಲ್ಡರಿನಲ್ಲಿ ಏನೇ ಓಡಿದರೂ ಮೊದಲು ಇದು ಓಡಲಿ' ಎಂದು ಕಟ್ಟಿಬಿಟ್ಟಿದ್ದಳು. ಅದಕ್ಕೆ ಆಸ್ಪೆಕ್ಟ್ ಎನ್ನುತ್ತಾರಂತೆ.

ನಮ್ಮ ನಿರ್ದೇಶಕ ಮಹಾಶಯನಿಗೆ ಅದನ್ನು ಕಂಡರಾಗದು. ನಾವು ನರ್ಸುಗಳು ಅಲ್ಲೇ ತೋರಿಸಿಕೊಳ್ಳುತ್ತೇವಲ್ಲ, ಗುತ್ತಿಗೆ ಮುಂದುವರಿಸುವ ಮುನ್ನ ಯಾರು ಬಸುರಿ ಎಂದು ನಮ್ಮ ಕಡತಗಳಲ್ಲಿ ಇಣುಕಿ, ಅಂಥವರನ್ನು ಕೈಬಿಡಬೇಕೆಂದು ಅವನ ಲೆಕ್ಕಾಚಾರ. ನಾವು ಹೆತ್ತರೆ ಇವನಪ್ಪನ ಮನೆಯ ಗಂಟೇನು ಹೋಗುತ್ತಿತ್ತೋ! ನಾನಾಗ ಬಸುರಿ. ಗಂಡನ ಹೊರತು ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೂ.

"ನನಗೊಬ್ಬನಿಗೆ ದಾರಿ ಬಿಡಮ್ಮ," ಎಂದು ಅಕ್ಕನನ್ನು ಕೇಳಿದ.

"ಆಗಲ್ಲ ಸರ್," ಎಂದಳು.

ಅವನು ಅಕ್ಕನ ಪಕ್ಕದ ಮೇಜಿನವನನ್ನು ಹಿಡಿದ. ಆ ಪುಣ್ಯಾತ್ಮ ಕಡತ ತೋರಿಸುವ ಹೊಸ ಪರದೆಯೊಂದನ್ನು ಬರೆದು ಬೇರೆ ಫೋಲ್ಡರಿನಲ್ಲಿಟ್ಟ. ಅಕ್ಕನ ತಪಾಸಣೆ ಕಾವಲಿದ್ದುದು ಹಳೆಯ ಫೋಲ್ಡರಿಗಷ್ಟೇ, ಇದು ಅದರ ಲೆಕ್ಕದಲ್ಲೇ ಇಲ್ಲ. ಕಡತ ಸದ್ದಿಲ್ಲದೆ ತೆರೆದುಕೊಳ್ಳುತ್ತಿತ್ತು. ನಿರ್ದೇಶಕನಿಗೆ ತೋರಿಸುವ ದಿನ ಬೆಳಿಗ್ಗೆ ಅದು ಅಕ್ಕನ ಕಣ್ಣಿಗೆ ಬಿತ್ತು. ಒಂದೇ ಸಾಲು ತಿದ್ದಿದಳು: ಫೋಲ್ಡರು ಯಾವುದಾದರೂ ಸರಿ, ಕಡತ ಮುಟ್ಟಿದರೆ ತಪಾಸಣೆ.

ವಾರ್ಡಿಗೂ ಉಪಯೋಗವಾಗುವ ಹೊಸ ಪರದೆ ಎಂದು ಹೇಳಿ, ನೋಡಲು ನನ್ನನ್ನೂ ಕರೆಸಿದ್ದರು. ನಿರ್ದೇಶಕ ನಗುನಗುತ್ತ ನನ್ನ ಹೆಸರನ್ನೇ ಒತ್ತಿದ. 'ಅನುಮತಿ ಇಲ್ಲ' ಎಂದು ಪರದೆಯ ಮೇಲೆ ಮೂಡಿತು.

"ಈ ತಪಾಸಣೆ ಈಗ್ಲೇ ತೆಗಿ," ಎಂದು ಅಕ್ಕನ ಮೇಲೆ ಹರಿಹಾಯ್ದ.

"ತೆಗೆದ್ರೆ ಎಲ್ಲರದ್ದೂ ತೆರೆಯುತ್ತೆ ಸರ್, ನಿಮ್ಮ ಕಡತಾನೂ ಸೇರಿ. ಗೇಟಿನವನೂ ಓದಬಹುದು."

"ನನಗೆ ಮಾತ್ರ ಬಿಡು ಅಂದೆ."

"ಅದನ್ನ ನಾನು ಬರೆಯಲ್ಲ. ಬೇರೆಯವರ ಕೈಲಿ ಬರೆಸ್ಕೊಳ್ಳಿ."

ನಿರ್ದೇಶಕ ಪಕ್ಕದ ಮೇಜಿನವನ ಕಡೆ ತಿರುಗಿದ. ಆ ಪುಣ್ಯಾತ್ಮ ತಲೆ ಎತ್ತಲಿಲ್ಲ. "ನನ್ನ ಹೆಂಡ್ತಿ ಕಡತಾನೂ ಅದರಲ್ಲೇ ಇದೆ ಸರ್. ನನ್ನ ಕೈಲಾಗಲ್ಲ," ಎಂದ.

ಆ ವಾರ ನರ್ಸುಗಳೆಲ್ಲರ ಗುತ್ತಿಗೆಯೂ ಮುಂದುವರಿಯಿತು. ಅಕ್ಕನದು ಮುಗಿಯಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಸಂಜೆ ಅವಳ ಮನೆಗೆ ಹೋಗಿ ಬಸುರಿನ ಸುದ್ದಿ ಹೇಳಿದೆ. ನಾಳೆ ನಾನೂ ಅವನ ಮುಖಕ್ಕೆ ರಾಜೀನಾಮೆ ಬಿಸಾಡಿ ಬರುತ್ತೇನೆ ಎಂದೆ. ಅಕ್ಕ ನನ್ನನ್ನು ತಬ್ಬಿಕೊಂಡಳು. ಆಮೇಲೆ ಕಿವಿ ಹಿಂಡಿದಳು.

"ರಾಜೀನಾಮೆ ಗೀಜೀನಾಮೆ ಅಂದ್ರೆ ನೋಡು. ನಂಗೆ ಇನ್ನೊಂದು ಕೆಲ್ಸ ಸಿಗುತ್ತೆ. ನೀನು ಹೊಟ್ಟೆ ಮುಂದೆ ಮಾಡ್ಕೊಂಡು ದಿನಾ ಅವನ ಕೋಣೆ ಎದುರಿಗೇ ಓಡಾಡು."