ನನ್ನ ಮೂಗಿನ ಯಂತ್ರಕ್ಕೆ ನಾನು ಎಣ್ಣೆ ಬಿಟ್ಟದ್ದು

ನಾನು ಗೊರಕೆ ಹೊಡೆಯುತ್ತಿದ್ದೆ. ಹೆಂಗಸಾಗಿ ಇದನ್ನು ಬರೆದುಕೊಳ್ಳಲು ನಾಚಿಕೆಯಾಗಬೇಕಿತ್ತು. ಆಗುವುದಿಲ್ಲ, ಗೆದ್ದವಳಿಗೆ ಎಂಥ ನಾಚಿಕೆ! ಹೊನ್ನವಳ್ಳಿಯಲ್ಲಿ ನಮ್ಮದು ಹಿಟ್ಟಿನ ಮಿಲ್ಲು. ರಾಗಿ ಬೀಸಿಸಲು ಬಂದವರು, "ಹಗಲೊತ್ತು ಮಿಲ್ಲು, ರಾತ್ರಿ ಯಜಮಾನಿ, ಈ ಮನೇಲಿ ಸದ್ದು ನಿಂತಿದ್ದೇ ಇಲ್ಲ" ಎಂದು ನನ್ನೆದುರೇ ನಗುತ್ತಿದ್ದರು. ನಾನು ಅವರ ರಾಗಿಯನ್ನು ಒಂದಿಷ್ಟು ದಪ್ಪಗೆ ಬೀಸಿ ಸೇಡು ತೀರಿಸಿಕೊಳ್ಳುತ್ತಿದ್ದೆ.

ಒಂದು ನಗುವನ್ನು ಮಾತ್ರ ನುಂಗಲಾಗಲಿಲ್ಲ. ದೊಡ್ಡಣ್ಣನ ಮಗನ ಮದುವೆಗೆ ಹೋದಾಗ ಹಿಂದಿನ ರಾತ್ರಿ ಹೆಂಗಸರೆಲ್ಲ ಛತ್ರದಲ್ಲಿ ಸಾಲಾಗಿ ಮಲಗಿದ್ದೆವು. ಬೆಳಗ್ಗೆ ಎದ್ದು ನೋಡಿದರೆ ನನ್ನ ಅಕ್ಕಪಕ್ಕ ಒಂದು ಚಾಪೆಯೂ ಇಲ್ಲ. ಎಲ್ಲರೂ ಎಳೆದುಕೊಂಡು ಹೋಗಿ ಆಚೆ ಗೋಡೆಗೆ ಸೇರಿದ್ದರು. ಅತ್ತಿಗೆ ಕಾಫಿ ಲೋಟ ಕೈಗಿಡುತ್ತಾ, "ಬೋರನಕಣಿವೆ ಡ್ಯಾಮಿನ ತೂಬು ಎತ್ತಿದಂಗಿತ್ತು ಕಣಮ್ಮ" ಎಂದಳು. ಆಮೇಲೆ ಏಳೆಂಟು ವರ್ಷ ನಾನು ಯಾರ ಮನೆಯಲ್ಲೂ ರಾತ್ರಿ ಉಳಿದವಳಲ್ಲ. ಹಸು ಕರೆಯಬೇಕು, ಮಿಲ್ಲು ತೆಗೆಯಬೇಕು ಎಂದು ಸುಳ್ಳು ಹೇಳಿ ಕೊನೆಯ ಬಸ್ಸು ಹಿಡಿಯುತ್ತಿದ್ದೆ. ಬಸ್ಸಿನಲ್ಲಿ ಅತ್ತದ್ದೂ ಉಂಟು.

ಒಂದು ಮಧ್ಯಾಹ್ನ ಮಿಲ್ಲು ಓಡುತ್ತಿರುವಾಗಲೇ ನಿಂತಲ್ಲೇ ತೂಕಡಿಸಿದೆ. ಸೆರಗು ಬೆಲ್ಟಿನ ಹತ್ತಿರ ಹೋಗಿದ್ದನ್ನು ನಮ್ಮವರು ಕಂಡು ಓಡಿಬಂದು ಮೋಟರ್ ಆರಿಸಿದರು. ಮಾರನೇ ವಾರ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನನಗೆ ಮೈತುಂಬ ವೈರು ಅಂಟಿಸಿ ಮಲಗಿಸಿದರು. ನಿದ್ದೆಯಲ್ಲಿ ನನ್ನ ಗಂಟಲು ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುತ್ತಿದೆಯಂತೆ. ಅದು ಮುಚ್ಚದ ಹಾಗೆ ಗಾಳಿ ಒತ್ತುವ ಯಂತ್ರವನ್ನು ದಿನಾ ರಾತ್ರಿ ಮೂಗಿಗೆ ಕಟ್ಟಿಕೊಳ್ಳಬೇಕಂತೆ.

ಯಂತ್ರ ಮನೆಗೆ ಬಂದ ದಿನವೇ ನನ್ನ ತಮ್ಮನೂ ಬಂದ. ಅವನ ಮಗಳ ಮದುವೆ, ತುರುವೇಕೆರೆಯ ಛತ್ರದಲ್ಲಿ, ಇನ್ನೊಂದು ತಿಂಗಳಿಗೆ. "ಧಾರೆ ಬೆಳ್ಳಂಬೆಳಗ್ಗೆ ಐತೆ ಅಕ್ಕಾ. ಇರೋಳು ನೀನೊಬ್ಬಳೇ ಸೋದರತ್ತೆ. ಈ ಸಲ ಹಸು ಗಿಸು ಅನ್ಬ್ಯಾಡ, ರಾತ್ರಿ ಉಳ್ಕೊ" ಎಂದ. ನನಗೆ ಮಕ್ಕಳಿಲ್ಲ. ಆ ಹುಡುಗಿ ಬೇಸಿಗೆ ರಜೆಗಳನ್ನೆಲ್ಲ ನಮ್ಮ ಮಿಲ್ಲಿನಲ್ಲೇ ಹಿಟ್ಟು ಮೆತ್ತಿಕೊಂಡು ಕಳೆದವಳು. ಉಳಿಯುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಆದರೆ ಯಂತ್ರ ನನಗೆ ಒಗ್ಗಲೊಲ್ಲದು. ಮಾಸ್ಕಿನ ಹೊಸ ರಬ್ಬರಿನಂಥ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಮೂಗಿನ ಮೇಲೆ ಒತ್ತಿ ಒತ್ತಿ ಕೆಂಪಾಯಿತು. ಗಾಳಿಗೆ ತೇವ ಕೊಡಲು ಅದರಲ್ಲಿ ನೀರು ತುಂಬುವ ಸಣ್ಣ ಡಬ್ಬಿಯೊಂದಿತ್ತು. ಅದನ್ನು ಕಂಡದ್ದೇ ನನ್ನ ಬುದ್ಧಿ ಚುರುಕಾಯಿತು. ನಮ್ಮ ತೆಂಗಿನ ಸೀಮೆಯಲ್ಲಿ ಎಣ್ಣೆಯಿಂದ ಸರಿಹೋಗದ್ದು ಏನಿದೆ? ನೆತ್ತಿಗೆ ಎಣ್ಣೆ, ಹೊಕ್ಕುಳಿಗೆ ಎಣ್ಣೆ, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ. ನೀಲಗಿರಿ ಎಣ್ಣೆಯನ್ನು ಐದು ಹನಿ ಡಬ್ಬಿಯ ನೀರಿಗೆ ಬಿಟ್ಟೆ. ಮೂಗಿಗೆ ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಬಳಿದು ಮಾಸ್ಕ್ ಕಟ್ಟಿಕೊಂಡೆ. ಡಾಕ್ಟರಿಗೂ ಹೊಳೆಯದ್ದು ನನಗೆ ಹೊಳೆಯಿತಲ್ಲ ಎಂದು ಬೀಗಿದೆ.

ಮೊದಲ ಹತ್ತು ನಿಮಿಷ ಸ್ವರ್ಗ. ಆಮೇಲೆ ಕಣ್ಣಲ್ಲಿ ನೀರು, ಗಂಟಲಲ್ಲಿ ಉರಿ, ಎದೆ ಕಿತ್ತುಬರುವಂಥ ಕೆಮ್ಮು. ಎಣ್ಣೆ ಸಾಲದೆಂದು ಮರುದಿನ ಎರಡು ಹನಿ ಹೆಚ್ಚೇ ಹಾಕಿದ ಮಹಾಜಾಣೆ ನಾನು. ವಾರ ಕಳೆಯುವಷ್ಟರಲ್ಲಿ ಮಾಸ್ಕಿನ ಅಂಚು ಹಳದಿಯಾಗಿ ಮೆತ್ತಗಾಯಿತು. ಎಷ್ಟು ಬಿಗಿದರೂ ಮೂಗಿನಿಂದ ಜಾರಿ ಬುಸ್ಸೆಂದು ಗಾಳಿ ಬಿಡತೊಡಗಿತು. ಗೊರಕೆ ಮತ್ತೆ ಶುರು. "ಇದು ನನಗಲ್ಲ. ವಾಪಸು ಕೊಟ್ಟು ಬನ್ನಿ. ಮದುವೆಗೂ ನಾನು ಹೋಗಲ್ಲ" ಎಂದು ಯಂತ್ರವನ್ನು ಡಬ್ಬಕ್ಕೆ ತುಂಬಿಟ್ಟೆ.

ಆ ಕೋಪದಲ್ಲೇ ಮಿಲ್ಲಿಗೆ ಬಂದರೆ ನಮ್ಮವರು ಬೇರಿಂಗಿಗೆ ಎಣ್ಣೆ ಬಿಡುತ್ತಾ ಬೆಲ್ಟಿನ ಮೇಲೂ ಚೆಲ್ಲಿದ್ದರು. ಮೈಯೆಲ್ಲ ಉರಿದುಹೋಯಿತು. "ಎಷ್ಟು ಸಲ ಹೇಳ್ಲಿ ನಿಮಗೆ! ರಬ್ಬರಿಗೆ ಎಣ್ಣೆ ಸೋಕಿದ್ರೆ ಉಬ್ಬಿ ಜಾರ್ತದೆ ಕಣ್ರೀ!"

ಅವರು ಬಟ್ಟೆಯಲ್ಲಿ ಬೆಲ್ಟು ಒರೆಸುತ್ತಾ ನಿಧಾನಕ್ಕೆ ಕೇಳಿದರು: "ಮತ್ತೆ ನಿನ್ ಮೂಗಿನ ರಬ್ಬರಿಗೆ ದಿನಾ ಬಳಿತಿದ್ಯಲ್ಲೇ?"

ಇಪ್ಪತ್ತು ವರ್ಷ ಊರಿಗೆಲ್ಲ ಹೇಳಿಕೊಟ್ಟ ಪಾಠ! ಸೀದಾ ಟೆಲಿಫೋನ್ ಬೂತಿಗೆ ಹೋಗಿ ಡಾಕ್ಟರಿಗೆ ಎಲ್ಲ ಒಪ್ಪಿಸಿದೆ. ನೀಲಗಿರಿ ಎಂದ ತಕ್ಷಣ ಅವರು, "ಮೊದಲು ಆ ನೀರು ಚೆಲ್ಲಿ. ಹೊದ್ದುಕೊಂಡು ಐದು ನಿಮಿಷ ಆವಿ ತಗೊಳ್ಳೋದು ಬೇರೆ ಕಣಮ್ಮ, ರಾತ್ರಿಯಿಡೀ ಯಂತ್ರ ಅದನ್ನ ಶ್ವಾಸಕೋಶಕ್ಕೆ ತಳ್ಳೋದು ಬೇರೆ" ಎಂದರು. ಡಬ್ಬಿಗೆ ಔಷಧಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೀಳಕೂಡದು, ಮಾಸ್ಕಿಗೂ ಪೈಪಿಗೂ ಎಣ್ಣೆ ಸೋಕಕೂಡದು. ಹೊಸ ವಾಸನೆ ಹೋಗಲು ಮೆದು ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದರೆ ಸಾಕಂತೆ. ಮೂಗು ಕೆಂಪಾದದ್ದು ಪಟ್ಟಿ ಅತಿ ಬಿಗಿದದ್ದರಿಂದ. "ನೀಲಗಿರಿ ವಾಸನೆ ಇಲ್ದೆ ನಿದ್ದೆ ಬರಲ್ಲ ಸಾರ್" ಎಂದು ಗೋಗರೆದೆ. ಕೆಮ್ಮು ಪೂರ್ತಿ ನಿಂತ ಮೇಲೆ ಬೇಕಾದರೆ ಒಂದು ಹನಿಯನ್ನು ಬಟ್ಟೆಗೆ ಹಾಕಿ ಸಂಜೆ ಕೋಣೆಯಲ್ಲಿಡಿ, ಯಂತ್ರ ಹಾಕುವ ಮೊದಲು ಬಟ್ಟೆ ಹೊರಗಿಟ್ಟು ಕಿಟಕಿ ತೆಗೆಯಿರಿ, ಮತ್ತೆ ಕೆಮ್ಮು ಬಂದರೆ ಅದೂ ಬೇಡ ಎಂದರು.

ಹೊಸ ಮಾಸ್ಕು, ಹೊಸ ಡಬ್ಬಿ ತರಿಸಿದೆ. ಮೂರನೇ ಬೆಳಗ್ಗೆ ಎದ್ದಾಗ ತಲೆ ಹಗುರ, ಮೈ ಹಗುರ. ಅಂದು ಮಧ್ಯಾಹ್ನ ಒಂದೇ ಒಂದು ಆಕಳಿಕೆ ಬರಲಿಲ್ಲ. ಬಂದವರ ರಾಗಿಯನ್ನೆಲ್ಲ ಖುಷಿಯಲ್ಲಿ ನುಣ್ಣಗೆ ಬೀಸಿಕೊಟ್ಟೆ.

ಛತ್ರದಲ್ಲಿ ಜನರೇಟರ್ ಇದೆಯೇ ಎಂದು ತಮ್ಮನನ್ನು ಮೂರು ಸಲ ಕೇಳಿ, ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ರಾತ್ರಿ ಸ್ವಿಚ್ಚಿನ ಪಕ್ಕ ಚಾಪೆ ಹಾಸಿದೆ. ಅತ್ತಿಗೆ ಮುನ್ನೆಚ್ಚರಿಕೆಯಿಂದ ದೂರ ಹೋಗಿ ಮಲಗಿದಳು. ನನಗೆ ನಗು ಬಂತು, ಜೊತೆಗೆ ಭಯವೂ. ಮಾಸ್ಕ್ ಕಟ್ಟಿಕೊಂಡದ್ದು ನೆನಪಿದೆ, ಆಮೇಲಿನದ್ದು ಗೊತ್ತಿಲ್ಲ.

ನಸುಕಿನಲ್ಲಿ ಎಚ್ಚರವಾದಾಗ ನನ್ನ ಹೊಟ್ಟೆಯ ಮೇಲೆ ಗೋರಂಟಿ ಹಚ್ಚಿದ ಕೈಯೊಂದಿತ್ತು. ಮದುವಣಗಿತ್ತಿ ತನ್ನ ರೂಮಿನ ಮಂಚ ಬಿಟ್ಟು ಬಂದು ನನ್ನ ಚಾಪೆಯಲ್ಲೇ ಮುದುಡಿಕೊಂಡಿದ್ದಳು. ಮಾಸ್ಕ್ ತೆಗೆದು, "ಇಲ್ಲಿಗ್ಯಾಕೆ ಬಂದ್ಯೇ?" ಎಂದೆ.

"ಅಲ್ಲೆಲ್ಲಾ ಗೊರಕೆ ಕಣತ್ತೆ, ನಿದ್ದೇನೇ ಬರ್ಲಿಲ್ಲ. ನಿನ್ ಹತ್ರ ಒಂಚೂರೂ ಸದ್ದಿಲ್ಲ" ಎಂದು ಮತ್ತೆ ಕಣ್ಣು ಮುಚ್ಚಿದಳು.

ಅವಳನ್ನು ಎಬ್ಬಿಸಿ ಸೀರೆ ಉಡಿಸಲು ಇನ್ನೂ ಅರ್ಧ ಗಂಟೆ ಇತ್ತು. ಹುಡುಕಿಕೊಂಡು ಬಂದ ಹೆಂಗಸರಿಗೆ ತುಟಿಯ ಮೇಲೆ ಬೆರಳಿಟ್ಟು ಹೇಳಿದೆ: "ಸದ್ದು ಮಾಡ್ಬ್ಯಾಡ್ರೇ, ಮಗು ಮಲಗೈತೆ."